ಹುಡುಕುವ ಪೆಟ್ಟಿಗೆ ಎಲ್ಲರದು, ಸರ್ವರ್ ನಿಮ್ಮದು

ಸರ್ವರ್ ಸಂದೇಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಜಾಲತಾಣಕ್ಕೆ ಹುಡುಕಾಟದ ಸೌಲಭ್ಯ ಹಾಕಿದ್ದೇವೆ, ಅದರ ಹಿಂದಿರುವ ಸರ್ವರಿಗೆ ಯಾರಿಗೆ ಎಷ್ಟು ಅನುಮತಿ ಕೊಡಬೇಕು ಎಂಬುದು. ಹಾಗಾಗಿ ಪ್ರಿಂಟರು, ಪೆನ್‌ಡ್ರೈವುಗಳ ಗೋಳು ಮುಂದಿನ ಸಂಚಿಕೆಗೆ. ಇನ್ನೊಂದು ಮಾತು: ಕೆಲವರು ಪ್ರಶ್ನೆಯ ಜೊತೆಗೆ ಸರ್ವರಿನ ವಿಳಾಸವನ್ನೂ ಪಾಸ್‌ವರ್ಡನ್ನೂ ಬರೆದು ಕಳಿಸಿದ್ದೀರಿ. ವಿಶ್ವಾಸಕ್ಕೆ ಧನ್ಯವಾದ. ಮೊದಲು ಎದ್ದು ಹೋಗಿ ಅದನ್ನು ಬದಲಿಸಿ, ಆಮೇಲೆ ಬಂದು ಮುಂದಕ್ಕೆ ಓದಿ.

ಪ್ರಶ್ನೆ: ಮೇಡಂ, ನಮ್ಮದು ಹಳೆಯ ಸಾಹಿತ್ಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇಡುವ ಸಣ್ಣ ಟ್ರಸ್ಟ್. ಹುಡುಕಾಟಕ್ಕೆ ಅಪಾಚೆ ಸೋಲರ್ ಎಂಬ ತಂತ್ರಾಂಶ ಹಾಕಿಸಿದ್ದೇವೆ. ಜಾಲತಾಣ ಮಾಡಿಕೊಟ್ಟ ಹುಡುಗ, ಹುಡುಕಾಟ ಸಾರ್ವಜನಿಕವಾದ್ದರಿಂದ ಅದರ ಸರ್ವರ್ ಕೂಡ ತೆರೆದಿರಬೇಕು ಎಂದು ಹೇಳಿ 8983ನೇ ಪೋರ್ಟನ್ನು, ಅಂದರೆ ಸರ್ವರಿನಲ್ಲಿ ಸೋಲರಿಗಿರುವ ಬಾಗಿಲನ್ನು, ತೆರೆದಿಟ್ಟಿದ್ದಾನೆ. ಆ ವಿಳಾಸಕ್ಕೆ ನನ್ನ ಮನೆಯಿಂದ ಹೋದರೂ ಅಡ್ಮಿನ್ ಪುಟ ತೆರೆಯುತ್ತದೆ. ಇದು ಸರಿಯೇ? — ಸಾಗರದಿಂದ ಒಬ್ಬರು

ಉತ್ತರ: ಸರಿಯಲ್ಲ. ಗ್ರಂಥಾಲಯ ಸಾರ್ವಜನಿಕವೆಂದು ದಾಖಲೆ ಪುಸ್ತಕ, ಪೆನ್ನು, ಬೀರುವಿನ ಬೀಗದ ಕೈ ಎಲ್ಲವನ್ನೂ ಹೊರಗಿನ ಕಟ್ಟೆಯ ಮೇಲೆ ಇಟ್ಟು ಗ್ರಂಥಪಾಲಕರು ಮನೆಗೆ ಹೋಗುವುದಿಲ್ಲ. ನಿಮ್ಮ ತಾಣಕ್ಕೆ ಬಂದವರಿಗೆ ಬೇಕಾದದ್ದು ಒಂದೇ: ಒಂದು ಪದ ಬರೆದರೆ ಅದಿರುವ ಪುಟಗಳ ಪಟ್ಟಿ. 8983ರಲ್ಲಿ ಕುಳಿತ ಸೋಲರ್ ಅಷ್ಟನ್ನೇ ಮಾಡುವುದಿಲ್ಲ. ದಾಖಲೆ ಸೇರಿಸುತ್ತದೆ, ಅಳಿಸುತ್ತದೆ, ಸ್ಕೀಮಾ ಎಂಬ ದಾಖಲೆಗಳ ನಮೂನೆಯನ್ನು ಬದಲಿಸುತ್ತದೆ, ಹೇಳಿದರೆ ದಾಖಲೆಗಳೆಲ್ಲ ಇರುವ ಇಡೀ ಕೋರನ್ನೇ ಕಿತ್ತು ಹಾಕುತ್ತದೆ. ಕೇಳುವವರು ಯಾರು ಎಂದು ತಾನಾಗಿ ವಿಚಾರಿಸುವ ಅಭ್ಯಾಸ ಅದಕ್ಕಿಲ್ಲ. ಯೋನಿಕ್ ಸೀಲಿ 2004ರಲ್ಲಿ ಅದನ್ನು ಬರೆದದ್ದು ಸಿನೆಟ್ ಸಂಸ್ಥೆಯ ಒಳಗಿನ ಬಳಕೆಗೆ. 2006ರಲ್ಲಿ ಅದು ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಪಾಲಾಯಿತು. ಒಳಮನೆಯ ಸಾಧನವಾಗಿ ಹುಟ್ಟಿದ್ದು ಇಂದಿಗೂ ಒಳಮನೆಯದೇ. ಸೋಲರ್‌ನ ಯಾವ ಎಪಿಐಯನ್ನಾಗಲಿ (ಬೇರೆ ಪ್ರೋಗ್ರಾಮುಗಳು ಅದನ್ನು ಮಾತಾಡಿಸುವ ದಾರಿ), ಅಡ್ಮಿನ್ ಪುಟವನ್ನಾಗಲಿ ನಂಬಿಕೆಯಿಲ್ಲದವರ ಮುಂದೆ ತೆರೆದಿಡಲು ರೂಪಿಸಿಲ್ಲ ಎಂದು ಅದರ ಕೈಪಿಡಿಯೇ ಹೇಳುತ್ತದೆ. ನಿಮ್ಮ ಹುಡುಗ ಓದಬೇಕಾದ ಸಾಲು ಅದು.

ಮೊದಲು ಆವೃತ್ತಿ ನೋಡಿ. 2022ರಲ್ಲಿ ಬಂದ ಒಂಬತ್ತನೇ ಆವೃತ್ತಿಯಿಂದ ಸೋಲರ್ ತಾನಾಗಿಯೇ 127.0.0.1ಕ್ಕೆ, ಅಂದರೆ ಅದೇ ಯಂತ್ರದ ಒಳಗಿನ ವಿಳಾಸಕ್ಕೆ ಮಾತ್ರ ಕಿವಿಗೊಡುತ್ತದೆ. ನಿಮ್ಮಲ್ಲಿ ಹೊರಗಿನಿಂದ ತೆರೆಯುತ್ತಿದೆ ಎಂದರೆ ಆವೃತ್ತಿ ಅದಕ್ಕಿಂತ ಹಳೆಯದಿರಬೇಕು, ಇಲ್ಲವೇ ಯಾರೋ ಸೆಟ್ಟಿಂಗ್ ಕಡತದಲ್ಲಿ ಜೆಟ್ಟಿ ಹೋಸ್ಟ್ ಎಂಬ ಸಾಲನ್ನು 0.0.0.0 ಎಂದು ತಿದ್ದಿರಬೇಕು. ಅದನ್ನು 127.0.0.1ಕ್ಕೆ ಮರಳಿಸಿ, ಸೋಲರನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಬಳಿಕ ಯಂತ್ರದಲ್ಲಿ ತೆರೆದಿರುವ ಪೋರ್ಟುಗಳ ಪಟ್ಟಿ ತೆಗೆದು 8983ರ ಸಾಲನ್ನು ಹುಡುಕಿ. ಅದರ ಎಡಕ್ಕೆ 127.0.0.1 ಇದ್ದರೆ ಸರಿ. ನಕ್ಷತ್ರ ಚಿಹ್ನೆಯೋ ಸೊನ್ನೆಗಳ ಸಾಲೋ ಇದ್ದರೆ ಬಾಗಿಲು ಇನ್ನೂ ತೆರೆದೇ ಇದೆ. ಕೊನೆಗೆ ಹೊರಗಿನಿಂದ ಪರೀಕ್ಷಿಸಿ. ಕಚೇರಿಯ ವೈಫೈನಿಂದ ಅಲ್ಲ. ಮೊಬೈಲಿನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ. ಎಷ್ಟೋ ಮಂದಿ ಒಳಗಿನ ಜಾಲದಿಂದಲೇ ನೋಡಿ ಸುರಕ್ಷಿತವೆಂದು ಷರಾ ಬರೆದುಬಿಡುತ್ತಾರೆ.

ಹಾಗಾದರೆ ಓದುಗರು ಹುಡುಕುವುದು ಹೇಗೆ? ಅವರ ಬ್ರೌಸರ್ ನಿಮ್ಮ ಜಾಲತಾಣದೊಡನೆ ಮಾತಾಡುತ್ತದೆ, ಜಾಲತಾಣದ ಕೋಡ್ ಸೋಲರಿನೊಡನೆ ಮಾತಾಡುತ್ತದೆ. ಬ್ರೌಸರ್ ಮತ್ತು ಸೋಲರ್ ನೇರವಾಗಿ ಭೇಟಿಯಾಗುವ ಪ್ರಸಂಗವೇ ಬರಬಾರದು. ನಡುವಿನ ಕೋಡು ಪಿಎಚ್‌ಪಿಯಲ್ಲಿರಲಿ, ಪೈಥಾನಿನಲ್ಲಿರಲಿ, ಅದು ಹೊರಗಿನಿಂದ ಎರಡೇ ಸಂಗತಿ ಪಡೆಯಬೇಕು: ಹುಡುಕುವ ಪದ ಮತ್ತು ಪುಟದ ಸಂಖ್ಯೆ. ಎಷ್ಟು ಫಲಿತಾಂಶ, ದಾಖಲೆಯ ಯಾವ ಫೀಲ್ಡುಗಳು (ಶೀರ್ಷಿಕೆ, ಲೇಖಕ ಮುಂತಾದ ಅಂಕಣಗಳು), ಯಾವ ಕ್ರಮ ಎಂಬುದನ್ನೆಲ್ಲ ನೀವೇ ಕೋಡಿನಲ್ಲಿ ನಿಗದಿ ಮಾಡಬೇಕು. ಹೊರಗಿನವರು ಹೇಳಿದಷ್ಟು ಸಾಲು ಕೊಡುವ ಸರ್ವರಿಗೆ ಯಾರಾದರೂ ಹತ್ತು ಲಕ್ಷ ಸಾಲು ಕೇಳಿದರೆ ಮೆಮೊರಿ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ: ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಕಾವಲಿಗೆ ನಿಲ್ಲಿಸಿ, ಹುಡುಕುವ ಸೆಲೆಕ್ಟ್ ಎಂಬ ದಾರಿಯನ್ನು ಮಾತ್ರ ಬಿಟ್ಟು, ಓದಲು ಕೇಳುವ ಗೆಟ್ ವಿಧಾನಕ್ಕಷ್ಟೇ ಅವಕಾಶ ಕೊಟ್ಟರೆ ಆಯಿತಲ್ಲ ಎಂದು. ಅಷ್ಟರಿಂದ ಆಗುವುದಿಲ್ಲ. ಏಳಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸೆಲೆಕ್ಟ್ ವಿಳಾಸಕ್ಕೇ ಕ್ಯುಟಿ ಎಂಬ ಪ್ಯಾರಾಮೀಟರ್ ಅಂಟಿಸಿ ಕೋರಿಕೆಯನ್ನು ದಾಖಲೆ ಬದಲಿಸುವ ಅಪ್‌ಡೇಟ್ ಕಡೆಗೆ ತಿರುಗಿಸಬಹುದಿತ್ತು. ಸ್ಟ್ರೀಮ್ ಬಾಡಿ ಎಂಬ ಇನ್ನೊಂದರಲ್ಲಿ ‘ಎಲ್ಲವನ್ನೂ ಅಳಿಸು’ ಎಂಬ ಆದೇಶ ತುಂಬಬಹುದಿತ್ತು. ಅಂದರೆ ಬರೀ ಒಂದು ಕೊಂಡಿ ಒತ್ತಿದರೆ ಇಂಡೆಕ್ಸ್, ಅಂದರೆ ಹುಡುಕಲೆಂದು ಕಟ್ಟಿಟ್ಟ ಸೂಚಿ, ಖಾಲಿ. 2019ರಲ್ಲಿ ಬೆಳಕಿಗೆ ಬಂದ ಸೋಲರಿನ ಫಲಿತಾಂಶದ ಪುಟ ರೂಪಿಸುವ ವೆಲಾಸಿಟಿ ಟೆಂಪ್ಲೇಟಿನ ದೋಷದಲ್ಲಿ ತೆರೆದ ಸೋಲರಿನ ಮೂಲಕ ಯಂತ್ರದಲ್ಲಿ ಬೇಕಾದ ಆಜ್ಞೆ ಓಡಿಸಲು ಸಾಧ್ಯವಿತ್ತು, 5.0.0ರಿಂದ 8.3.1ರವರೆಗಿನ ಆವೃತ್ತಿಗಳೆಲ್ಲ ಅದಕ್ಕೆ ಸಿಕ್ಕವು. ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಯಾವುದೋ ಒಂದು ಉಳಿದೇ ಉಳಿಯುತ್ತದೆ. ನಡುವೆ ನಿಮ್ಮದೇ ಕೋಡ್ ಇದ್ದರೆ ಮುಚ್ಚುವ ಪ್ರಶ್ನೆಯೇ ಇಲ್ಲ, ತೆರೆದದ್ದು ಎರಡೇ.

ಇಷ್ಟಾದ ಮೇಲೆ ಪಾಸ್‌ವರ್ಡ್. ಒಳಗಡೆಯೇ ಇರುವ ಸರ್ವರಿಗೆ ಅದೇಕೆ ಎಂದು ಕೇಳಬೇಡಿ. ಅದೇ ಯಂತ್ರದಲ್ಲಿ ನಿಮ್ಮ ವರ್ಡ್‌ಪ್ರೆಸ್ ಇದೆ, ಅದಕ್ಕೆ ಯಾರೋ ಹಾಕಿದ ಪ್ಲಗಿನ್‌ಗಳಿವೆ. ಸೆಕ್ಯುರಿಟಿ ಡಾಟ್ ಜೇಸನ್ ಎಂಬ ಕಡತದಲ್ಲಿ ಬಳಕೆದಾರರನ್ನೂ ಅವರ ಪಾತ್ರಗಳನ್ನೂ ಬರೆಯಬೇಕು. ನಿಮಗೆ ಮೂವರು ಸಾಕು: ಜಾಲತಾಣದ ಕೋಡಿಗೆ ಒಬ್ಬ, ಹೊಸ ಸಂಚಿಕೆ ಸೇರಿಸುವ ಸ್ಕ್ರಿಪ್ಟಿಗೆ ಒಬ್ಬ, ಆಡಳಿತಕ್ಕೆ ಒಬ್ಬ. ಮೊದಲನೆಯವನಿಗೆ ರೀಡ್ ಅನುಮತಿ ಮಾತ್ರ. ಎರಡನೆಯವನಿಗೆ ರೀಡ್ ಮತ್ತು ಅಪ್‌ಡೇಟ್. ಉಳಿದದ್ದೆಲ್ಲ, ಅಂದರೆ ‘ಆಲ್’ ಎಂಬುದು, ಮೂರನೆಯವನಿಗೆ. ಈ ಆಲ್ ಸಾಲನ್ನು ಕಡತದ ಕಟ್ಟಕಡೆಗೆ ಬರೆಯಿರಿ, ಮರೆಯದೆ ಬರೆಯಿರಿ. ಸೋಲರ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ಆದ್ದರಿಂದ ಆಲ್ ಮೇಲೆ ಬಂದರೆ ಆಡಳಿತಗಾರನ ಹೊರತು ಯಾರಿಗೂ ಪ್ರವೇಶವಿಲ್ಲ. ಅದು ಇಲ್ಲದೇ ಹೋದರೆ ಇನ್ನೂ ಕೆಟ್ಟದ್ದು: ಯಾವ ನಿಯಮಕ್ಕೂ ಹೊಂದದ ಕೋರಿಕೆಯನ್ನು ಸೋಲರ್ ತಡೆಯುವುದಿಲ್ಲ, ಬಿಟ್ಟುಬಿಡುತ್ತದೆ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ನೋಡಿ ಅಭ್ಯಾಸವಾದವರು ಇದರ ತದ್ವಿರುದ್ಧವನ್ನು ನಿರೀಕ್ಷಿಸುತ್ತಾರೆ. ‘ಬ್ಲಾಕ್ ಅನ್‌ನೋನ್’ ಎಂಬ ಸಾಲು ಟ್ರೂ ಎಂದೇ ಇರಲಿ. ಫಾಲ್ಸ್ ಆಗಿದ್ದರೆ ಹೆಸರು ಹೇಳದವರೂ ಒಳಗೆ ಬರುತ್ತಾರೆ.

ಇನ್ನು ಆ ಕಡತವನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸುವವರಿಗೆ ಒಂದು ಎಚ್ಚರಿಕೆ. ಕೈಪಿಡಿಯಲ್ಲಿ ಉದಾಹರಣೆಗೆಂದು ಕೊಟ್ಟಿರುವ ಬಳಕೆದಾರನ ಹೆಸರು ಸೋಲರ್, ಪಾಸ್‌ವರ್ಡ್ ‘ಸೋಲರ್‌ರಾಕ್ಸ್’. ಕಡತದಲ್ಲಿ ಅದು ಗುರುತು ಸಿಗದಂತೆ ಬದಲಿಸಿದ ಹ್ಯಾಶ್ ರೂಪದಲ್ಲಿ, ಐ-ವಿ-ಸೊನ್ನೆ ಎಂದು ಶುರುವಾಗುವ ಉದ್ದನೆಯ ಸಾಲಾಗಿ ಕಾಣುವುದರಿಂದ ಬಹಳ ಗುಟ್ಟಿನದ್ದೆಂಬ ಭ್ರಮೆ ಹುಟ್ಟುತ್ತದೆ. ಲೋಕಕ್ಕೆಲ್ಲ ಗೊತ್ತಿರುವ ಗುಟ್ಟು ಅದು. ನಿಮ್ಮ ಕಡತದಲ್ಲಿ ಆ ಸಾಲು ಕಂಡರೆ ಈ ಪತ್ರಿಕೆಯನ್ನು ಕೆಳಗಿಟ್ಟು ಮೊದಲು ಅದನ್ನು ಬದಲಿಸಿ.

ಆವೃತ್ತಿಯ ಬಗ್ಗೆ ಮತ್ತೊಮ್ಮೆ. 2021ರ ಡಿಸೆಂಬರಿನಲ್ಲಿ ಲಾಗ್ (ನಡೆದದ್ದರ ದಾಖಲೆ) ಬರೆಯುವ ಲಾಗ್‌ಫೋರ್‌ಜೆ ತಂತ್ರಾಂಶದ ದೋಷ ಸುದ್ದಿಯಾದಾಗ ಸೋಲರ್ 7.4ರಿಂದ 8.11.0ರವರೆಗಿನ ಆವೃತ್ತಿಗಳಲ್ಲಿ ಅದು ಇತ್ತು. ಆ ದಾಳಿಗೆ ತೆರೆದ ಪೋರ್ಟ್ ಬೇಕಿರಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಯಾರೋ ಬರೆದ ಸಾಲು ನಿಮ್ಮ ಕೋಡನ್ನು ದಾಟಿ ಸೋಲರಿಗೆ ಹೋಗಿ ಅದರ ಲಾಗಿನಲ್ಲಿ ದಾಖಲಾದರೆ ಅಷ್ಟೇ ಸಾಕಾಗುತ್ತಿತ್ತು. ಇಷ್ಟು ಹೊತ್ತು ಹೇಳಿದ ಅನುಮತಿಗಳ್ಯಾವುವೂ ಅದನ್ನು ತಡೆಯುತ್ತಿರಲಿಲ್ಲ. ಹಳೆಯದನ್ನು ಇಟ್ಟುಕೊಂಡಿದ್ದರೆ ಹೊಸದಕ್ಕೆ ಹೋಗಿ.

ಪ್ರಶ್ನೆ: ನಮ್ಮ ಸಂಘದ ಜಾಲತಾಣದಲ್ಲಿ ಸದಸ್ಯೆಯೊಬ್ಬರು ತಮ್ಮದೇ ಹೆಸರು ಹುಡುಕಿದಾಗ ಅವರ ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲ ಫಲಿತಾಂಶದಲ್ಲಿ ಬಂದಿವೆ. ನಾವು ಅದನ್ನು ಎಲ್ಲೂ ಪ್ರಕಟಿಸಿಯೇ ಇಲ್ಲ! ಸರ್ವರಿಗೆ ಪಾಸ್‌ವರ್ಡ್ ಇದೆ, ಹೊರಗಿನವರು ಬಂದಿಲ್ಲ. ಹೀಗೇಕಾಯಿತು? — ದಾವಣಗೆರೆಯಿಂದ, ಸಂಘದ ಕಾರ್ಯದರ್ಶಿ

ಉತ್ತರ: ನೀವು ಕಳಿಸಿದ ವಿವರದಲ್ಲೇ ಉತ್ತರವಿದೆ. ‘ಅಪ್‌ಲೋಡ್ಸ್ ಫೋಲ್ಡರನ್ನು ಪೋಸ್ಟ್ ಸಾಧನಕ್ಕೆ ಕೊಟ್ಟೆವು’ ಎಂದಿದ್ದೀರಿ. ದಾಖಲೆಗಳನ್ನು ಇಂಡೆಕ್ಸಿಗೆ ಸೇರಿಸುವ ಸೋಲರ್‌ನ ಆ ಸಾಧನಕ್ಕೆ ಒಂದು ಫೋಲ್ಡರ್ ತೋರಿಸಿದರೆ ಒಳಗಿನ ಫೋಲ್ಡರುಗಳನ್ನೂ ಹೊಕ್ಕು ಪಿಡಿಎಫ್, ವರ್ಡ್, ಎಕ್ಸೆಲ್ ಎನ್ನದೆ ಎಲ್ಲದರ ಪಠ್ಯವನ್ನೂ ಹೀರಿ ಇಂಡೆಕ್ಸಿಗೆ ತುಂಬುತ್ತದೆ. ಯಾವುದೋ ವರ್ಷ ಯಾರೋ ಅಲ್ಲಿ ಇಟ್ಟು ಮರೆತ ಚಂದಾದಾರರ ಎಕ್ಸೆಲ್ ಪಟ್ಟಿಯೂ ಅದರ ಜೊತೆ ಹೋಗಿದೆ. ಸರ್ವರಿಗೆ ಹಾಕಿದ ಪಾಸ್‌ವರ್ಡ್ ಇಲ್ಲಿ ಏನೂ ಮಾಡಲಾರದು, ಏಕೆಂದರೆ ಆ ಪಟ್ಟಿಯನ್ನು ಓದಿ ಹೊರಗೆ ಕೊಟ್ಟದ್ದು ಅನುಮತಿ ಪಡೆದ ನಿಮ್ಮದೇ ಜಾಲತಾಣ. ಹುಡುಕಾಟದ ಅನುಮತಿ ಎಂದರೆ ಸರ್ವರಿನ ಬಾಗಿಲು ಎಂದಷ್ಟೇ ಜನ ತಿಳಿದಿದ್ದಾರೆ. ಇಂಡೆಕ್ಸಿಗೆ ಏನು ಹೋಗಬಹುದು ಎಂಬ ನಿರ್ಧಾರವೇ ಅದಕ್ಕಿಂತ ಮುಖ್ಯವಾದ ಅನುಮತಿ ಎಂಬುದು ನನ್ನ ಅಭಿಪ್ರಾಯ.

ಈಗ ಮಾಡಬೇಕಾದದ್ದು. ಮೊದಲು ಮೂಲ ಕಡತವನ್ನು ಆ ಫೋಲ್ಡರಿನಿಂದ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಒಳಗೆ ಬರುತ್ತದೆ. ಅಪ್‌ಲೋಡ್ಸ್ ಫೋಲ್ಡರ್ ಎಂದ ಮೇಲೆ ಹುಡುಕಾಟವಿಲ್ಲದೆಯೂ ನೇರ ವಿಳಾಸದಿಂದ ಆ ಕಡತ ಸಿಗುತ್ತಿದ್ದಿರಬಹುದು, ಅದನ್ನೂ ನೋಡಿ. ಬಳಿಕ ಇಂಡೆಕ್ಸಿನಿಂದ ಆ ದಾಖಲೆಯನ್ನು ಅಳಿಸಿ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಖಾಯಂ ಮಾಡಿ. ಕಮಿಟ್ ಆಗುವವರೆಗೆ ಅಳಿಸಿದ್ದೂ ಫಲಿತಾಂಶದಲ್ಲಿ ಕಾಣುತ್ತಲೇ ಇರುತ್ತದೆ. ಇಷ್ಟಾದ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಆದರೆ ಪೆಟ್ಟಿಗೆಯಲ್ಲಿ ಆ ಸದಸ್ಯೆಯ ಹೆಸರಿನ ಮೊದಲ ಮೂರಕ್ಷರ ಬರೆದು ನೋಡಿ. ಟೈಪ್ ಮಾಡುವಾಗ ಕೆಳಗೆ ಬೀಳುವ ಸಲಹೆಗಳ ಪಟ್ಟಿಯಲ್ಲಿ ಅದೇ ಹೆಸರು, ಅದೇ ಬೀದಿ ಇನ್ನೂ ಇರುವ ಸಾಧ್ಯತೆ ಹೆಚ್ಚು. ಸಲಹೆ ಕೊಡುವ ಸಜೆಸ್ಟರ್ ಬೇರೆಯದೇ ಒಂದು ನಿಘಂಟು ಕಟ್ಟಿಕೊಂಡಿರುತ್ತದೆ. ಮತ್ತೆ ಕಟ್ಟು ಎಂದು ಹೇಳದ ಹೊರತು ಅದು ಹಳೆಯದನ್ನೇ ಒಪ್ಪಿಸುತ್ತಿರುತ್ತದೆ.

ಇನ್ನೊಂದು ಸೂಕ್ಷ್ಮ. ‘ಫೋನ್ ಫೀಲ್ಡನ್ನು ಫಲಿತಾಂಶದಲ್ಲಿ ತೋರಿಸುವುದಿಲ್ಲ, ಹುಡುಕಲು ಮಾತ್ರ ಇಟ್ಟಿದ್ದೇವೆ’ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ತೋರಿಸದಿದ್ದರೂ ಅದು ಬಯಲಾಗಬಹುದು. ಹೆಸರಿನ ಜೊತೆಗೆ ‘9ರಿಂದ ಆರಂಭವಾಗುವ ಫೋನ್’ ಎಂದು ಕೇಳಿದಾಗ ಫಲಿತಾಂಶ ಬಂದರೆ ಮೊದಲ ಅಂಕಿ 9. ಮುಂದೆ 90, 91, 92 ಎಂದು ಕೇಳುತ್ತ ಹೋದರಾಯಿತು. ಒಂದೊಂದು ಸ್ಥಾನಕ್ಕೆ ಹೆಚ್ಚೆಂದರೆ ಹತ್ತು ಪ್ರಶ್ನೆ, ಹತ್ತು ಸ್ಥಾನಕ್ಕೆ ನೂರು. ಸಣ್ಣ ಸ್ಕ್ರಿಪ್ಟಿಗೆ ಅದು ಕ್ಷಣಗಳ ಕೆಲಸ. ಹುಡುಕಲು ಬೇಡದ ಫೀಲ್ಡನ್ನು ಇಂಡೆಕ್ಸ್ ಮಾಡಲೇಬೇಡಿ. ಸದಸ್ಯರ ಪಟ್ಟಿ ಆಂತರಿಕ ಬಳಕೆಗೆ ಬೇಕೇ ಬೇಕೆಂದರೆ ಅದಕ್ಕೆ ಬೇರೆ ಕೋರ್, ಬೇರೆ ಪಾಸ್‌ವರ್ಡ್. ಸಾರ್ವಜನಿಕ ಕೋರಿನಲ್ಲಿ ಓದುಗರು ಬರೆದ ಪದಗಳನ್ನು ಅರ್ಥೈಸುವ ಇಡಿಸ್‌ಮ್ಯಾಕ್ಸ್ ಎಂಬ ಸೋಲರ್ ಭಾಗವನ್ನು ಬಳಸುತ್ತಿದ್ದರೆ ಯುಎಫ್ ಎಂಬ ಪ್ಯಾರಾಮೀಟರಿನಲ್ಲಿ ಓದುಗರು ಯಾವ ಫೀಲ್ಡುಗಳ ಹೆಸರು ಹಿಡಿದು ಹುಡುಕಬಹುದು ಎಂದು ಕಟ್ಟುನಿಟ್ಟು ಮಾಡಬಹುದು. ಶೀರ್ಷಿಕೆ, ಲೇಖಕ, ಪಠ್ಯ ಇಷ್ಟು ಸಾಕು. ಪ್ರಕಟಣೆಗೆ ಸಿದ್ಧವಾದ ದಾಖಲೆ ಮಾತ್ರ ಬರಲಿ ಎಂಬ ಷರತ್ತನ್ನು ಸೋಲರ್ ಸಂರಚನೆಯ ಇನ್ವೇರಿಯಂಟ್ಸ್ ಅಥವಾ ಅಪೆಂಡ್ಸ್ ಭಾಗದಲ್ಲಿ ಬರೆದಿಟ್ಟರೆ, ನಡುವಿನ ಕೋಡ್ ಎಡವಿದರೂ ಅದು ಕಾಯುತ್ತದೆ.

ಗೂಗಲ್ ಆ ಪುಟವನ್ನು ಈಗಾಗಲೇ ಎತ್ತಿಕೊಂಡಿದ್ದರೆ ತಾಣದ ಒಡೆಯರಿಗೆಂದು ಅದು ಕೊಡುವ ಸರ್ಚ್ ಕನ್ಸೋಲಿನಿಂದ ತೆಗೆಯಲು ಕೋರಿ. ರೋಬೋಟ್ಸ್ ಕಡತದಲ್ಲಿ ಬೇಡ ಎಂದು ಬರೆದಿದ್ದೆವಲ್ಲ ಎನ್ನುತ್ತೀರಿ. 1994ರಿಂದ ಬಳಕೆಯಲ್ಲಿರುವ ಆ ಕಡತ ಒಂದು ವಿನಂತಿ ಮಾತ್ರ. ಮಾನವಂತ ಜಾಲಶೋಧಕಗಳು ಪಾಲಿಸುತ್ತವೆ, ಉಳಿದವಕ್ಕೆ ಅದು ‘ಇಲ್ಲೇನೋ ಇದೆ’ ಎಂಬ ಸುಳಿವು.

ಮತ್ತು ಆ ಸದಸ್ಯೆಗೆ ನಡೆದದ್ದನ್ನು ತಿಳಿಸಿ. ಪಟ್ಟಿಯಲ್ಲಿರುವ ಉಳಿದವರಿಗೂ. ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳಾದರೆ ಇಂಥ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಕಾಯ್ದಿಡಬೇಕು. ಇದು 2022ರ ಏಪ್ರಿಲ್ 28ರ ನಿರ್ದೇಶನ. ಸಂಘ ಚಿಕ್ಕದು ಎಂಬ ಕಾರಣಕ್ಕೆ ಲಾಗ್ ಅಳಿಸಿ ಕೈತೊಳೆದುಕೊಳ್ಳಬೇಡಿ. ಯಾರು ಯಾವಾಗ ಏನು ಹುಡುಕಿದರು ಎಂದು ತಿಳಿಯಲು ನಿಮಗಿರುವುದು ಅದೊಂದೇ.

ಪ್ರಶ್ನೆ: ಹಳೆಯ ಪುಸ್ತಕಗಳ ಮಾರಾಟದ ತಾಣ ನಡೆಸುತ್ತೇನೆ. ಹುಡುಕಾಟದ ಇನ್ನೊಂದು ತಂತ್ರಾಂಶವಾದ ಇಲಾಸ್ಟಿಕ್‌ಸರ್ಚ್‌ನ ಏಳನೇ ಆವೃತ್ತಿಯನ್ನು ಡಾಕರಿನಲ್ಲಿ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಓಡಿಸುತ್ತಿದ್ದೆ. ಫೈರ್‌ವಾಲ್‌ನಲ್ಲಿ ಅದರ 9200 ಪೋರ್ಟನ್ನು ಮುಚ್ಚಿದ್ದೆ. ಆದರೂ ಒಂದು ಬೆಳಗ್ಗೆ ಪುಸ್ತಕಗಳ ಇಂಡೆಕ್ಸ್ ಮಾಯವಾಗಿ, ‘ಇದನ್ನು ಓದಿ’ ಎಂಬರ್ಥದ ಹೆಸರಿನ ಹೊಸ ಇಂಡೆಕ್ಸಿನಲ್ಲಿ ಬಿಟ್‌ಕಾಯಿನ್ ಕೇಳುವ ಪತ್ರ ಇತ್ತು. ಹಣ ಕೊಡಬೇಕೇ? ಫೈರ್‌ವಾಲ್ ಏಕೆ ತಡೆಯಲಿಲ್ಲ? — ಹುಬ್ಬಳ್ಳಿಯ ವ್ಯಾಪಾರಿ

ಉತ್ತರ: ಹಣ ಕೊಡಬೇಡಿ. ಇಂಥ ದಾಳಿಗಳಲ್ಲಿ ಎಷ್ಟೋ ಸಲ ಮಾಹಿತಿಯನ್ನು ನಕಲು ಮಾಡಿಟ್ಟುಕೊಂಡೇ ಇರುವುದಿಲ್ಲ. ಅಳಿಸಿ, ಪತ್ರ ಬರೆದು ಹೋಗುತ್ತಾರೆ. 2020ರ ಜುಲೈನಲ್ಲಿ ‘ಮ್ಯಾವ್’ ಎಂದು ಹೆಸರಾದ ದಾಳಿಯಲ್ಲಿ ಪತ್ರವೂ ಇರಲಿಲ್ಲ. ತೆರೆದಿದ್ದ ಇಲಾಸ್ಟಿಕ್‌ಸರ್ಚ್, ಮಾಂಗೋಡಿಬಿ ಸರ್ವರುಗಳನ್ನು ಅಳಿಸಿ, ಮ್ಯಾವ್ ಎಂಬ ಬಾಲವಿರುವ ಹೆಸರುಗಳನ್ನು ಬಿಟ್ಟು ಹೋಗಿದ್ದರು, ಅಷ್ಟೇ. ನಿಮ್ಮ ಪುಸ್ತಕಗಳ ಪಟ್ಟಿ ಅಂಗಡಿಯ ಮೂಲ ಡೇಟಾಬೇಸಿನಲ್ಲಿ ಇದೆ ಎಂದಿದ್ದೀರಿ. ಹಾಗಿದ್ದರೆ ನಿಮ್ಮ ನಷ್ಟ ಒಂದು ಮರು ಇಂಡೆಕ್ಸಿನ ಸಮಯ ಮಾತ್ರ. ಹುಡುಕಾಟದ ಇಂಡೆಕ್ಸ್ ಯಾವತ್ತೂ ನಕಲು. ಅದನ್ನೇ ಮೂಲ ಮಾಡಿಕೊಂಡವರಿಗೆ ಮಾತ್ರ ಅಳುವ ಕಾಲ. ಆದರೆ ಗಿರಾಕಿಗಳ ವಿಳಾಸವೇನಾದರೂ ಅದರಲ್ಲಿ ಇದ್ದಿದ್ದರೆ ಅದು ಹೊರಗೆ ಹೋಗಿದೆ ಎಂದೇ ತಿಳಿದು ಮುಂದುವರಿಯಿರಿ.

ಫೈರ್‌ವಾಲ್ ವಿಷಯ. ನೀವು ಹಾಕಿದ ಯುಎಫ್‌ಡಬ್ಲ್ಯು (ಲಿನಕ್ಸಿನ ಫೈರ್‌ವಾಲ್ ಸಾಧನ) ನಿಯಮ ಸರಿಯಾಗಿಯೇ ಇತ್ತು, ಆದರೆ ಡಾಕರ್ ಅದರ ಹಂಗಿನಲ್ಲಿಲ್ಲ. ಕಂಟೇನರ್ ಆರಂಭಿಸುವಾಗ ‘9200:9200’ ಎಂದು ಬರೆದರೆ ಡಾಕರ್ ತಾನೇ ಲಿನಕ್ಸಿನ ಒಳಗಿನ ಸಂಚಾರ ನಿಯಮಗಳಾದ ಐಪಿ-ಟೇಬಲ್ಸ್‌ನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್ ಯುಎಫ್‌ಡಬ್ಲ್ಯು ಕಾಯುತ್ತಿರುವ ಸರಪಳಿಗೆ ಬರುವ ಮೊದಲೇ ಕಂಟೇನರಿನತ್ತ ತಿರುಗಿಬಿಡುತ್ತದೆ. ಸ್ಥಿತಿ ಕೇಳಿದರೆ ಯುಎಫ್‌ಡಬ್ಲ್ಯು ‘9200 ನಿಷೇಧ’ ಎಂದೇ ಹೇಳುತ್ತಿರುತ್ತದೆ. ಇದು ಡಾಕರಿನ ಅತ್ಯಂತ ಕೆಟ್ಟ ಗುಣ ಎಂದು ನಾನು ಬಲ್ಲವರೊಡನೆ ಜಗಳವಾಡಿದ್ದೇನೆ, ಮುಂದೆಯೂ ಆಡುತ್ತೇನೆ. ಪರಿಹಾರ ಸುಲಭ: ‘127.0.0.1:9200:9200’ ಎಂದು ಬರೆಯಿರಿ. ಜಾಲತಾಣವೂ ಅದೇ ಯಂತ್ರದಲ್ಲಿ ಕಂಟೇನರಿನಲ್ಲೇ ಇದ್ದರೆ ಪೋರ್ಟ್ ಹೊರಹಾಕುವುದೇ ಬೇಡ, ಎರಡನ್ನೂ ಡಾಕರಿನ ಒಂದೇ ಒಳಜಾಲಕ್ಕೆ ಸೇರಿಸಿದರೆ ಹೆಸರು ಹಿಡಿದು ಮಾತಾಡಿಕೊಳ್ಳುತ್ತವೆ.

ಏಳನೇ ಆವೃತ್ತಿಯನ್ನು ಬಿಡಿ. ಬಳಕೆದಾರ, ಪಾಸ್‌ವರ್ಡ್, ಪಾತ್ರಗಳ ಸೌಲಭ್ಯ 6.8 ಮತ್ತು 7.1ರಿಂದ ಉಚಿತವಾಗಿಯೇ ಇತ್ತು, ಆದರೆ ನೀವೇ ಆನ್ ಮಾಡಬೇಕಿತ್ತು. 2022ರ ಎಂಟನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್ ಆಗಿರುತ್ತದೆ. ಹೊಸದನ್ನು ಹಾಕಿದ ಮೇಲೆ ಎಲ್ಲದಕ್ಕೂ ‘ಇಲಾಸ್ಟಿಕ್’ ಎಂಬ ಮೂಲ ಬಳಕೆದಾರನನ್ನೇ ಬಳಸುವ ಚಾಳಿ ಬೇಡ. ಪುಸ್ತಕಗಳ ಇಂಡೆಕ್ಸನ್ನು ಓದಲು ಮಾತ್ರ ಬರುವ ಒಂದು ಪಾತ್ರ ಮಾಡಿ, ಅದರ ಎಪಿಐ ಕೀಯನ್ನು ಜಾಲತಾಣದ ಕೋಡಿಗೆ ಕೊಡಿ. ಒಂದೇ ಇಂಡೆಕ್ಸಿನೊಳಗೆ ಕೆಲವು ಫೀಲ್ಡುಗಳನ್ನು ಕೆಲವರಿಗೆ ಮಾತ್ರ ತೋರಿಸುವ ಸೌಲಭ್ಯಕ್ಕೆ ಇಲಾಸ್ಟಿಕ್‌ಸರ್ಚ್ ಹಣ ಕೇಳುತ್ತದೆ, ಅದರಿಂದ ಕವಲೊಡೆದ ಓಪನ್‌ಸರ್ಚ್ ಕೇಳುವುದಿಲ್ಲ. ನಿಮ್ಮ ಅಂಗಡಿಗೆ ಅದರ ಅಗತ್ಯವೇ ಇಲ್ಲ ಬಿಡಿ.

ಪ್ರಶ್ನೆ: 8983ರ ಬದಲು ಯಾರೂ ಊಹಿಸದ 48213 ಎಂಬಂಥ ಪೋರ್ಟ್ ಸಂಖ್ಯೆ ಕೊಟ್ಟರೆ ಸಾಕಲ್ಲವೇ? — ಹಾಸನ

ಉತ್ತರ: ಇರುವುದೇ 65,535 ಪೋರ್ಟು. ಎಲ್ಲವನ್ನೂ ತಟ್ಟಿ ನೋಡುವುದು ಯಂತ್ರಕ್ಕೆ ಬೇಸರದ ಕೆಲಸವಲ್ಲ. ಶೋಡಾನ್ ಎಂಬ ತಾಣ 2009ರಿಂದ ಅಂತರಜಾಲಕ್ಕೆ ತೆರೆದುಕೊಂಡ ಸರ್ವರುಗಳನ್ನು ಹುಡುಕಿ ಪಟ್ಟಿ ಮಾಡುತ್ತಲೇ ಇದೆ.

ಪ್ರಶ್ನೆ: ಅನುಮತಿ ಪರೀಕ್ಷಿಸುವಾಗ ಸರ್ವರಿನ ಉತ್ತರದಲ್ಲಿ ಒಮ್ಮೆ 401, ಒಮ್ಮೆ 403 ಎಂಬ ಸಂಕೇತ ಬರುತ್ತದೆ. ವ್ಯತ್ಯಾಸವೇನು? — ಉಡುಪಿಯ ವಿದ್ಯಾರ್ಥಿನಿ

ಉತ್ತರ: 401 ಎಂದರೆ ‘ನೀವು ಯಾರೆಂದು ಗೊತ್ತಾಗಲಿಲ್ಲ’, ಹೆಸರು, ಪಾಸ್‌ವರ್ಡ್ ಕಡೆ ನೋಡಿ. 403 ಎಂದರೆ ‘ಯಾರೆಂದು ಗೊತ್ತು, ಆದರೆ ಇದು ನಿಮಗಿಲ್ಲ’. ಪಾತ್ರ, ನಿಯಮಗಳ ಕಡೆ ನೋಡಿ. ಓದುವ ಬಳಕೆದಾರನಿಂದ ದಾಖಲೆ ಅಳಿಸಲು ನೋಡಿದಾಗ 403 ಬಂದರೆ ಸಂತೋಷಪಡಿ. 200, ಅಂದರೆ ‘ಆಯಿತು’, ಎಂದು ಬಂದರೆ ನಿಮ್ಮ ನಿಯಮದಲ್ಲಿ ತಪ್ಪಿದೆ, ಮತ್ತು ಆ ದಾಖಲೆಯೂ ಹೋಗಿದೆ. ಆದ್ದರಿಂದ ಪರೀಕ್ಷೆಗೆ ಒಂದು ಸುಳ್ಳು ದಾಖಲೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರ್ ಅಲ್ಮಾಲಿನಕ್ಸ್ ಎಂಬ ಲಿನಕ್ಸ್‌ನಲ್ಲಿದೆ. ಮುಂದೆ ಎಂಜಿನ್‌ಎಕ್ಸ್, ಹಿಂದೆ ಹುಡುಕಾಟದ ಕೋಡು ಮತ್ತು ಸೋಲರ್. ಎಲ್ಲ ಓಡುತ್ತಿವೆ, ಆದರೆ ಬ್ರೌಸರಿನಲ್ಲಿ 502, ಅಂದರೆ ಹಿಂದಿನ ಸೇವೆಯಿಂದ ಸರಿಯಾದ ಉತ್ತರವಿಲ್ಲ ಎಂಬ ದೋಷ. ಲಿನಕ್ಸಿನ ಕಾವಲು ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಆರಿಸಿದರೆ ಸರಿಹೋಗುತ್ತದೆ. ಆರಿಸಿಯೇ ಬಿಡಲೇ? ಇನ್ನೊಂದು: ಸೋಲರ್ ಬೀಗದ ಕಡತ ಬರೆಯಲಾಗದು ಎನ್ನುತ್ತಿತ್ತು, ಡೇಟಾ ಫೋಲ್ಡರಿಗೆ 777 (ಎಲ್ಲರಿಗೂ ಓದಲು, ಬರೆಯಲು ಪೂರ್ತಿ ಅನುಮತಿ) ಕೊಟ್ಟೆ, ಸರಿಹೋಯಿತು. — ಕಲಬುರಗಿಯ ಉಪನ್ಯಾಸಕರು

ಉತ್ತರ: ಸರ್, ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳಿ. ಎಂಜಿನ್‌ಎಕ್ಸ್‌ನ ದೋಷದ ಲಾಗ್ ತೆರೆದರೆ 502ರ ಹೊತ್ತಿಗೆ ಸರಿಯಾಗಿ ಒಂದು ಸಾಲು ಇರುತ್ತದೆ. ಅದರಲ್ಲಿ ಆವರಣದೊಳಗೆ 111 ಎಂದಿದ್ದರೆ ಹಿಂದಿರುವ ಸೇವೆ ಓಡುತ್ತಿಲ್ಲ, ಇಲ್ಲವೇ ಬೇರೆ ಪೋರ್ಟಿನಲ್ಲಿದೆ. 13, ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಸೇವೆ ಸರಿಯಾಗಿಯೇ ಇದೆ, ಎಂಜಿನ್‌ಎಕ್ಸ್‌ಗೆ ಅಲ್ಲಿಗೆ ಹೋಗಲು ಎಸ್‌ಇಲಿನಕ್ಸ್ ಬಿಡುತ್ತಿಲ್ಲ. ನಿಮ್ಮದು ಎರಡನೆಯದು. ವೆಬ್ ಸರ್ವರ್ ತಾನಾಗಿ ಬೇರೆ ಕಡೆಗೆ ಸಂಪರ್ಕ ಮಾಡಬಾರದು ಎಂಬುದು ಅದರ ನಿಯಮ, ಒಳ್ಳೆಯ ನಿಯಮ. ‘ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್’ ಎಂಬ ಸ್ವಿಚ್ಚನ್ನು ಆನ್ ಮಾಡಿದರೆ 502 ಹೋಗುತ್ತದೆ. ಆನ್ ಮಾಡುವಾಗ ದೊಡ್ಡ ಪಿ ಆಯ್ಕೆ ಹಾಕಿ, ಇಲ್ಲದಿದ್ದರೆ ಯಂತ್ರ ಮುಂದಿನ ಸಲ ಆರಿ ಹತ್ತಿದಾಗ ಮತ್ತೆ 502 ನೋಡುತ್ತೀರಿ, ಆಗ ಇದೆಲ್ಲ ಮರೆತಿರುತ್ತದೆ.

777ರ ಕಥೆ ಬೇರೆ. ಸೋಲರ್ ರೂಟ್, ಅಂದರೆ ಯಂತ್ರದ ಸರ್ವಾಧಿಕಾರವಿರುವ ಬಳಕೆದಾರನಾಗಿ ಓಡಲು ಒಪ್ಪುವುದಿಲ್ಲ; ಯಾರೋ ಬಲವಂತದ ಆಯ್ಕೆ ಹಾಕಿ ಒಮ್ಮೆ ರೂಟ್ ಆಗಿ ಓಡಿಸಿದ್ದಾರೆ. ಆಗ ಹುಟ್ಟಿದ ಕಡತಗಳೆಲ್ಲ ರೂಟ್‌ನ ಸ್ವತ್ತಾದವು. ಆಮೇಲೆ ಸೋಲರ್ ತನ್ನ ಸ್ವಂತ ಹೆಸರಿನಲ್ಲಿ ಬಂದಾಗ ಬರೆಯಲಾಗಲಿಲ್ಲ. ಮಾಡಬೇಕಾದದ್ದು ಒಡೆತನವನ್ನು ಸೋಲರ್ ಬಳಕೆದಾರನಿಗೆ ಮರಳಿಸುವುದು, ಫೋಲ್ಡರುಗಳಿಗೆ 750, ಕಡತಗಳಿಗೆ 640. ಸೆಕ್ಯುರಿಟಿ ಡಾಟ್ ಜೇಸನ್‌ಗೆ 600, ಅಂದರೆ ಒಡೆಯನ ಹೊರತು ಯಾರಿಗೂ ಇಲ್ಲ. 777 ಇರುವ ತನಕ ಆ ಯಂತ್ರದಲ್ಲಿ ಖಾತೆಯಿರುವ ಯಾವ ವಿದ್ಯಾರ್ಥಿ ಬೇಕಾದರೂ ಆ ಕಡತವನ್ನು ತೆರೆದು ತನ್ನ ಹೆಸರು ಸೇರಿಸಿಕೊಳ್ಳಬಹುದು. ಕಾಲೇಜಿನಲ್ಲಿ ಅಂಥ ಜಾಣರು ಇಲ್ಲವೆಂದು ನೀವು ಹೇಳಲಾರಿರಿ.

ಪ್ರಶ್ನೆ: ಅಡುಗೆಯ ತಾಣಕ್ಕೆ ಮೀಲಿಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಹಾಕಿದ್ದೇನೆ. ಬ್ರೌಸರ್ ಅದರೊಡನೆ ನೇರವಾಗಿಯೇ ಮಾತಾಡುತ್ತದೆ, ಅನುಮತಿಯ ಕೀ ಕೂಡ ಪುಟದ ಮೂಲ ಕೋಡಿನಲ್ಲಿ ಎಲ್ಲರಿಗೂ ಕಾಣುತ್ತದೆ. ನನ್ನ ತಮ್ಮ ಇದು ಸೋರಿಕೆ ಎನ್ನುತ್ತಾನೆ. ಯಾವ ತಾಣದ ಪುಟಗಳು ಸರ್ವರಿನೊಡನೆ ಮಾತಾಡಬಹುದು ಎಂದು ಹೇಳುವ ಸಿಒಆರ್‌ಎಸ್‌ನಲ್ಲಿ ನನ್ನ ತಾಣದ ಹೆಸರು ಮಾತ್ರ ಕೊಟ್ಟರೆ ಸಾಕು ಎನ್ನುತ್ತಾನೆ. — ಪುಣೆಯ ಕನ್ನಡತಿ

ಉತ್ತರ: ತಮ್ಮನ ಮೊದಲ ಮಾತು ಯಾವ ಕೀ ಎಂಬುದರ ಮೇಲೆ ನಿಂತಿದೆ, ಎರಡನೆಯದು ತಪ್ಪು. ಸಿಒಆರ್‌ಎಸ್ ಅನ್ನು ಪಾಲಿಸುವುದು ಬ್ರೌಸರುಗಳು ಮಾತ್ರ. ಬ್ರೌಸರಿಲ್ಲದೆ ಕರ್ಲ್ ಎಂಬ ಸಾಧನದಿಂದ ಕೋರಿಕೆ ಕಳಿಸುವವರಿಗೆ ಅದು ಅಡ್ಡಿಯೇ ಅಲ್ಲ.

ಸೋಲರಿಗೆ ನಾನು ಮಾಡಿದ ನಿಷೇಧ ಇಲ್ಲಿಗೆ ಅನ್ವಯಿಸುವುದಿಲ್ಲ. ಮೀಲಿಸರ್ಚ್ ಅನ್ನು ಬ್ರೌಸರಿಗೆ ತೋರಿಸಲು ಯೋಗ್ಯವಾಗಿಯೇ ಕಟ್ಟಿದ್ದಾರೆ. ನೀವು ಒಂದು ಮಾಸ್ಟರ್ ಕೀ ಕೊಟ್ಟರೆ ಅದು ಹುಡುಕಲು ಒಂದು, ಆಡಳಿತಕ್ಕೆ ಒಂದು ಎಂದು ಬೇರೆ ಕೀಗಳನ್ನು ತಾನೇ ಸಿದ್ಧಪಡಿಸುತ್ತದೆ. ಪುಟದಲ್ಲಿ ಕಾಣುತ್ತಿರುವುದು ಹುಡುಕಾಟದ ಕೀ ಆಗಿದ್ದರೆ ಸೋರಿಕೆ ಅಲ್ಲ. ಆಡಳಿತದ್ದೋ ಮಾಸ್ಟರೋ ಆಗಿದ್ದರೆ ಇವತ್ತೇ ಬದಲಿಸಿ. ಕೀ ಇಲ್ಲದೆಯೇ ಹುಡುಕಾಟ ನಡೆಯುತ್ತಿದ್ದರೆ ಅದು ಮಾಸ್ಟರ್ ಕೀ ಇಲ್ಲದ ಡೆವಲಪ್‌ಮೆಂಟ್ ಸ್ಥಿತಿಯಲ್ಲಿ ಓಡುತ್ತಿದೆ, ಅಂದರೆ ಪೂರ್ತಿ ಬಯಲು. ಪ್ರೊಡಕ್ಷನ್ ಎಂದು ಹೇಳಿ ಓಡಿಸಿದರೆ ಕನಿಷ್ಠ 16 ಬೈಟಿನ ಮಾಸ್ಟರ್ ಕೀ ಇಲ್ಲದೆ ಅದು ಏಳುವುದೇ ಇಲ್ಲ.

ಒಂದು ಕಡೆ ಮಾತ್ರ ಜನ ಎಡವುತ್ತಾರೆ. ತಾನಾಗಿ ಸಿಗುವ ಆ ಹುಡುಕಾಟದ ಕೀ ಎಲ್ಲ ಇಂಡೆಕ್ಸುಗಳಿಗೂ ಸಲ್ಲುತ್ತದೆ. ಇವತ್ತು ನಿಮ್ಮಲ್ಲಿ ಪಾಕವಿಧಾನಗಳಷ್ಟೇ ಇವೆ. ನಾಳೆ ಅದೇ ಸರ್ವರಿನಲ್ಲಿ ಆರ್ಡರುಗಳದ್ದೋ ಸದಸ್ಯರದ್ದೋ ಇಂಡೆಕ್ಸ್ ಸೇರಿಸಿದ ಗಳಿಗೆಯಲ್ಲಿ ಪುಟದಲ್ಲಿ ಕಾಣುವ ಕೀ ಅದನ್ನೂ ತೆರೆಯುತ್ತದೆ. ಆದ್ದರಿಂದ ಹುಡುಕುವ ಕ್ರಿಯೆ ಮಾತ್ರ, ಪಾಕವಿಧಾನಗಳ ಇಂಡೆಕ್ಸ್ ಮಾತ್ರ ಎಂದು ಬರೆದ ಒಂದು ಹೊಸ ಕೀ ಮಾಡಿ ಅದನ್ನು ಪುಟದಲ್ಲಿ ಹಾಕಿ. ಪ್ರದರ್ಶನದ ಫೀಲ್ಡುಗಳೂ ಮೊದಲಿಗೆ ‘ಎಲ್ಲ’ ಎಂದಿರುತ್ತವೆ. ನಿಮ್ಮ ಟಿಪ್ಪಣಿ, ಅಳತೆಯ ಹಳೆಯ ಕರಡು ಇತ್ಯಾದಿ ಇದ್ದರೆ ಶೀರ್ಷಿಕೆ, ಸಾಮಗ್ರಿ, ವಿಧಾನ, ಚಿತ್ರ ಎಂದು ಪಟ್ಟಿ ಕೊಟ್ಟು ಉಳಿದದ್ದನ್ನು ಬಿಡಿ.

ಮಾಸ್ಟರ್ ಕೀ ಬದಲಿಸಬೇಕಾಗಿ ಬಂದರೆ ಉಳಿದ ಕೀಗಳೂ ಅದರೊಂದಿಗೆ ಬದಲಾಗುತ್ತವೆ, ಏಕೆಂದರೆ ಅವು ಅದರಿಂದಲೇ ಹುಟ್ಟಿದವು. ಹೊಸ ಹುಡುಕಾಟದ ಕೀಯನ್ನು ಪುಟಕ್ಕೆ ಹಾಕುವವರೆಗೆ ತಾಣದಲ್ಲಿ ಹುಡುಕಾಟ ನಿಂತಿರುತ್ತದೆ. ಹಬ್ಬದ ಹಿಂದಿನ ದಿನ, ಊರೆಲ್ಲ ಹೋಳಿಗೆಯ ಕಣಕದ ಅಳತೆ ಹುಡುಕುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.